ಹುಬ್ಬಳ್ಳಿಯಿಂದ ತಂದ ಹಳೇ ಕಂಪ್ಯೂಟರು

ಮಾಸೂರಿನ ಪಕ್ಕದ ನಮ್ಮ ಹಳ್ಳಿಯ ಸರಕಾರಿ ಶಾಲೆಗೆ ಕಂಪ್ಯೂಟರ್ ತರಬೇಕೆಂದು ಹಟ ಹಿಡಿದವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಇಬ್ಬರೂ ಮದಗದ ಕೆರೆ ನೀರಿನ ಹೊಲಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದೆವು. ಶಾಲೆಯ ಪಾಲಕರ ಸಮಿತಿಗೆ ಅವಳೇ ಅಧ್ಯಕ್ಷೆ. ಬೇರೆ ಯಾರೂ ಒಪ್ಪದ್ದರಿಂದ ಆದವಳು. ಆರನೇ ಇಯತ್ತೆಯಲ್ಲಿದ್ದ ಅವಳ ಮಗಳು ಪುಸ್ತಕದೊಳಗಿನ ಕೀಬೋರ್ಡಿನ ಚಿತ್ರದ ಮೇಲೆ ಬೆರಳಾಡಿಸಿ ಟೈಪ್ ಮಾಡಲು ಕಲಿಯುತ್ತಿದ್ದಳು. ಅದನ್ನು ನೋಡಿದ ದಿನದಿಂದ ಅಕ್ಕನಿಗೆ ಸಮಾಧಾನವಿರಲಿಲ್ಲ.

ಅವಳ ತಮ್ಮ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ವಾಚ್‌ಮನ್. ಅಲ್ಲಿ ಹಳೇ ಕಂಪ್ಯೂಟರ್ ತೆಗೆದು ಹೊಸವನ್ನು ಹಾಕುತ್ತಿದ್ದಾರೆಂದು ಅವನು ಫೋನಿನಲ್ಲಿ ಹೇಳಿದ. ನಾವಿಬ್ಬರೂ ಕೂಲಿ ಬಿಟ್ಟು ಬಸ್ ಹತ್ತಿದೆವು. ಅಲ್ಲಿಯ ಸಾಹೇಬರು, "ಹಂಗ ಕೈಯಾಗ ಕೊಡಾಕ ಬರೂದಿಲ್ರಿ. ಹೆಡ್‌ಮಾಸ್ತರ ಪತ್ರ, ನಿಮ್ಮ ಸಮಿತಿ ಠರಾವು ತರ್ರಿ. ಕರೆಂಟು, ಬೀಗ ಇರೋ ಖೋಲಿ ಐತೇನು, ಅದನ್ನೂ ಬರೀರಿ," ಎಂದರು. ಊರಿಗೆ ಬಂದು ಪಾಲಕರನ್ನು ಕೂಡಿಸಿ ಠರಾವು ಮಾಡಿ, ಹೆಡ್‌ಮಾಸ್ತರ ಪತ್ರದ ಜೊತೆ ಒಯ್ದು ಕೊಟ್ಟೆವು. ಹುಬ್ಬಳ್ಳಿಯಲ್ಲಿ ಗೋವಿನಜೋಳ ಇಳಿಸಿ ಖಾಲಿ ಬರುತ್ತಿದ್ದ ಟೆಂಪೋದಲ್ಲಿ ಐದು ಕಂಪ್ಯೂಟರ್ ಹೇರಿಕೊಂಡು ಬಂದೆವು. ಬಂಕಾಪುರ ದಾಟುವವರೆಗೂ ಅಕ್ಕ ಹಿಂದೆ ಅವುಗಳ ನಡುವೆಯೇ ಕೂತಿದ್ದಳು, ಒಂದರ ಮೇಲೆ ಕೈಯಿಟ್ಟುಕೊಂಡು.

ಶಾಲೆಯಲ್ಲಿ ಹಚ್ಚಿದರೆ ಒಂದೂ ಚಾಲೂ ಆಗಲಿಲ್ಲ. ಹಿರೇಕೆರೂರಿನ ರಿಪೇರಿಯವನು ಬಂದು ಬಿಚ್ಚಿ ನೋಡಿದ.

"ಡಿಸ್ಕ್ ತಗದಾರ ಅಕ್ಕಾರ. ಕಂಪನಿ ಲೆಕ್ಕಪತ್ರ ಅದರಾಗ ಇರ್ತಾವಲ್ಲ, ಯಾರೂ ಬಿಟ್ಟು ಕೊಡಂಗಿಲ್ಲ. ಬ್ಯಾರೆ ಹಾಕಬೇಕು."

ಇದನ್ನು ಮೊದಲೇ ಕೇಳಿಕೊಳ್ಳಬೇಕೆಂದು ನಮಗೆ ಹೊಳೆದಿರಲಿಲ್ಲ. ಊರವರು "ಗುಜರಿ ಹೊತ್ಕೊಂಡು ಬಂದಾಳ" ಎಂದು ನಕ್ಕರು. ಭಾವನೂ ಬೈದರು. ಅಕ್ಕ ಮಾತ್ರ ಸಂತೆಗೆ ಹೋದಾಗಲೆಲ್ಲ ಹಿರೇಕೆರೂರಿನ ಅಂಗಡಿಗಳಲ್ಲಿ, ಹಳೇ ಡಿಸ್ಕ್ ಇದ್ದರೆ ಶಾಲೆಗೆ ಕೊಡಿ ಎಂದು ಕೇಳುತ್ತಿದ್ದಳು. ಎರಡು ಸಿಕ್ಕವು. ಅವನ್ನು ಹಾಕಿಸುವ ಮೊದಲೇ, ಗೋವಿನಜೋಳದ ತೆನೆ ಮುರಿಯುವಾಗ ಅವಳಿಗೆ ಹಾವು ಕಚ್ಚಿತು. ದವಾಖಾನೆ ಇನ್ನೂ ದೂರವಿರುವಾಗಲೇ, ಟಂಟಂ ಗಾಡಿಯಲ್ಲಿ, ನನ್ನ ತೊಡೆಯ ಮೇಲೆ ಅವಳ ಜೀವ ಹೋಯಿತು.

ಸುದ್ದಿ ಕೇಳಿದ ರಿಪೇರಿಯವನು ತಾನಾಗಿ ಬಂದು ಎರಡು ಕಂಪ್ಯೂಟರ್ ಚಾಲೂ ಮಾಡಿ ಹೋದ. ಮಕ್ಕಳು ಮುಗಿಬಿದ್ದರು. ಅಕ್ಕನ ಮಗಳು ಮಾತ್ರ ಇರಲಿಲ್ಲ. ಭಾವ ಅವಳನ್ನು ಶಾಲೆ ಬಿಡಿಸಿದ್ದರು. ಸಮಿತಿಯ ತಾಯಂದಿರೆಲ್ಲ ಕೂಡಿ ಅವರ ಮನೆಗೆ ಹೋದೆವು. ಭಾವ ಬುದ್ಧನ ಫೋಟೋದ ಕೆಳಗೆ ಗೋಡೆಗೆ ಆತು ಕೂತಿದ್ದರು.

"ಮನ್ಯಾಗ ರೊಟ್ಟಿ ಯಾರ ಬಡೀತಾರ?" ಎಂದರು.

"ನಾ ಬಡೀತೇನ್ರಿ, ಎರಡೂ ಹೊತ್ತು. ಹುಡುಗೀನ್ನ ಸಾಲಿಗೆ ಕಳಸ್ರಿ," ಎಂದೆ. ಭಾವನೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಮರುದಿನ ಹುಡುಗಿ ಶಾಲೆಗೆ ಬಂದಳು. ಏಳನೇ ಇಯತ್ತೆ ಮುಗಿಯುವವರೆಗೆ ಅವರ ಮನೆಗೆ ರೊಟ್ಟಿ ಬಡಿದುಕೊಟ್ಟೆ. ಹೈಸ್ಕೂಲಿಗೆ ಮಾತ್ರ ಭಾವ ಕಳಿಸಲಿಲ್ಲ. ಮತ್ತೆ ಕೇಳಲು ಹೋದರೆ ಬಾಗಿಲು ಹಾಕಿಕೊಂಡರು. ಈಗ ಅವಳು ನನ್ನ ಜೊತೆ ಹತ್ತಿ ಬಿಡಿಸಲು ಬರುತ್ತಾಳೆ. ದಾರಿಯಲ್ಲಿ ಶಾಲೆಯ ಕಂಪ್ಯೂಟರ್ ಖೋಲಿಯ ಕಿಟಕಿ ಬಂದಾಗ ತಲೆ ತಗ್ಗಿಸಿ, ನನ್ನನ್ನು ಬಿಟ್ಟು ಮುಂದೆ ನಡೆದುಬಿಡುತ್ತಾಳೆ.