ಹುರಿಗಡಲೆ ಡಬ್ಬದ ಗೀಟು

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತೊಂದು ವರ್ಷ ಆಯ್ತು. ಈಗಲೂ ಎಲ್ಲಾದರೂ ಕಡಲೆ ಹುರಿಯೋ ವಾಸನೆ ಬಂದರೆ ಬಾಯಲ್ಲಿ ನೀರೂರೋದಿಲ್ಲ, ಸೆರಗು ಮೂಗಿಗೆ ಹಿಡಿದು ದಾಟಿ ಹೋಗ್ತೀನಿ. ಚಾಮರಾಜಪೇಟೆಯಲ್ಲಿ ನಮ್ಮದು ಹೆಂಚಿನ ಮನೆ. ಎರಡು ಕೋಣೆ, ಒಂದು ಬಚ್ಚಲು, ಬಚ್ಚಲ ನೀರು ಕುಡಿದು ಬೆಳೆದ ಒಂದು ಪರಂಗಿ ಗಿಡ. ಅಪ್ಪ ಬಳೇಪೇಟೆಯ ಬಳೆ ಮಂಡಿಯಲ್ಲಿ ಪೆಟ್ಟಿಗೆ ಕಟ್ಟೋರು. ಸಂಬಳ ತಂದು ಅಜ್ಜಿ ಕೈಲಿಡೋರು. ಅಜ್ಜಿ ಅಂದರೆ ಅಪ್ಪನ ಅಮ್ಮ. ಅವಳಿಗೆ ಓದು ಬರಹ ಇಲ್ಲ. ಒಂದು ತಗಡಿನ ಡಬ್ಬ ಇತ್ತು. ವರ್ಷಾ ವರ್ಷಾ ಯುಗಾದಿ ಆದ ಮೂರನೇ ದಿನ, ಪೇಟೆಯ ಅದೇ ಭಟ್ಟಿ ಅಂಗಡಿಯಿಂದ ಒಂದು ರೂಪಾಯಿಗೆ ಎಷ್ಟು ಬರುತ್ತೋ ಅಷ್ಟು ಹುರಿಗಡಲೆ ತಂದು ಅದಕ್ಕೆ ಸುರಿಯೋಳು. ಕುಲುಕಿ ಮಟ್ಟ ಮಾಡಿ, ಎಲ್ಲಿವರೆಗೆ ಬಂತೋ ಅಲ್ಲಿ ಒಳಗಡೆ ಮೊಳೆಯಿಂದ ಒಂದು ಗೀಟು ಕೆರೆಯೋಳು. ಸೇರು ಹೋಗಿ ಕಿಲೋ ಬಂತು, ಆಣೆ ಹೋಗಿ ಪೈಸೆ ಬಂತು. ರೂಪಾಯಿ ರೂಪಾಯಿಯಾಗೇ ಇತ್ತು, ಡಬ್ಬ ಡಬ್ಬವಾಗೇ ಇತ್ತು. ಬೆಲೆ ಏರಿದಷ್ಟೂ ಗೀಟು ಮಾತ್ರ ಇಳೀತಾ ಬಂತು. ಒಂದು ಬೆರಳು ಇಳಿದರೆ ಆ ವರ್ಷ ಎಣ್ಣೆ, ಕಾಫಿಪುಡಿ ಕಮ್ಮಿ. ಎರಡು ಬೆರಳು ಇಳಿದರೆ ಮನೆಯಲ್ಲಿ ಏನಾದರೊಂದು ನಿಲ್ಲಲೇಬೇಕು. ಹಿಂದೊಮ್ಮೆ ಹಾಗಾದಾಗ ಮನೆ ಎಮ್ಮೆ ಮಾರಿದ್ದರು.

ಆ ವರ್ಷ ನನ್ನ ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಐದಕ್ಕೆ ಬೇರೆ ಸ್ಕೂಲು, ಫೀಸು, ಹೊಸ ಬಟ್ಟೆ. ಸೇರಿಸೋದಾ ಬೇಡವಾ ಅಂತ ಗೀಟು ಹೇಳಬೇಕಿತ್ತು. ಅಜ್ಜಿಗೆ ಮಂಡಿ ಊದಿಕೊಂಡಿತ್ತು, ನನ್ನನ್ನ ಕಳಿಸಿದಳು. "ಬೇರೆ ಅಂಗಡಿಗೆ ಹೋಗ್ಬೇಡ ಕಣೇ. ಅಂಗಡಿ ಬದಲಾದ್ರೆ ಗೀಟು ಸುಳ್ಳು ಹೇಳುತ್ತೆ" ಅಂದಳು. ಅದೇ ಅಂಗಡಿಗೆ ಹೋದೆ. ಭಟ್ಟಿಯಿಂದ ಆಗ ತಾನೆ ತೆಗೆದಿದ್ದರು. ಬಟ್ಟೆ ಚೀಲ ಎದೆಗೆ ಒತ್ತಿಕೊಂಡರೆ ಬೆಚ್ಚಗಿತ್ತು. ಕೈಗಾಡಿಗಳ ಸಂದಿಯಲ್ಲಿ ನಿಂತು ಒಂದು ಹಿಡಿ ತಿಂದೆ. ಆಮೇಲೆ ಇನ್ನೊಂದು. ಮನೆ ತಿರುವಿಗೆ ಬರೋ ಹೊತ್ತಿಗೆ ಎಷ್ಟು ಹಿಡಿ ಆಯ್ತೋ ಗೊತ್ತಿಲ್ಲ. ಗೀಟಿನ ವಿಷಯ ಗೊತ್ತಿತ್ತು. ಆದರೂ ತಿಂದೆ. ಹಸಿವಾಗಿತ್ತು.

ಅಜ್ಜಿ ಸುರಿದಳು, ಮಟ್ಟ ಮಾಡಿದಳು, ಹೋದ ವರ್ಷದ ಗೀಟಿನ ಕೆಳಗೆ ಬೆರಳಿಟ್ಟಳು. ಎರಡು ಬೆರಳು.

"ಇನ್ನೊಂದ್ಸಲ ಕುಲುಕಿ ನೋಡಿ ಅತ್ತೆ" ಅಂದಳು ಅಮ್ಮ.

"ಕುಲುಕಿದ್ರೆ ಇಳಿಯುತ್ತೆ ಕಣಮ್ಮ, ಏರುತ್ತಾ?"

"ಬೇಕಾದ್ರೆ ಇನ್ನೊಂದು ರೂಪಾಯಿಗೆ ತರಿಸೋಣ..."

"ನೋಡೋಕೆ ಒಂದು ರೂಪಾಯಿ, ನೋಡಿದ್ದನ್ನ ನೋಡೋಕೆ ಇನ್ನೊಂದಾ?" ನನ್ನ ಕಡೆ ತಿರುಗಿದಳು. "ಏನೇ, ತೂಕ ಸರಿ ಹಾಕಿದ್ನಾ ಅವನು?"

"ಹಾಕ್ದ."

"ನೀನು ನೋಡಿದ್ಯಾ?"

"ನೋಡ್ದೆ."

ಹಲ್ಲಿನ ಸಂದಿಯಲ್ಲಿ ಒಂದು ಚೂರು ಸಿಕ್ಕಿಕೊಂಡಿತ್ತು. ನಾಲಿಗೆ ಆಡಿಸೋಕೂ ಭಯ. ಮೊಳೆ ತಗಡಿನ ಮೇಲೆ ಕಿರ್ರಂತು. "ಇವಳ ಸ್ಕೂಲು ಬೇಡ. ನಾಳೆಯಿಂದ ನಿನ್ನ ಜೊತೆ ಊದುಬತ್ತಿ ಹೊಸೆಯೋಕೆ ಕರ್ಕೊಂಡು ಹೋಗು" ಅಂತ ಅಮ್ಮನಿಗೆ ಹೇಳಿದಳು. ಆ ದಿನವೆಲ್ಲ ಅಜ್ಜಿ ಹಿಂದೆ ಮುಂದೆ ಸುತ್ತಿದೆ. ಹೇಳಿದ್ದರೆ ಏಟು ಬೀಳ್ತಿತ್ತು, ಸ್ಕೂಲು ಉಳೀತಿತ್ತು. ಹತ್ತು ವರ್ಷದೋಳಿಗೆ ಏಟು ಹತ್ತಿರ, ಸ್ಕೂಲು ದೂರ.

ಈಗ ನಮ್ಮ ಬೀದಿ ಅಂಗಡಿಗೆ ತಿಂಗಳಿಗೊಮ್ಮೆ ಒಂದು ಹುಡುಗಿ ಬರ್ತಾಳೆ. ಸರ್ಕಾರದ ಕಡೆಯೋಳು. ಅದೇ ಅಂಗಡಿ, ಅದೇ ಸಾಮಾನು, ಅದೇ ಅಳತೆ. ಬೆಲೆ ಕೇಳಿ ಬರ್ಕೊಳ್ತಾಳೆ. ಹೀಗೆ ಊರೂರಿಂದ ತಂದು ಸೇರಿಸಿ, ದೇಶದಲ್ಲಿ ಬೆಲೆ ಎಷ್ಟು ಏರಿತು ಅಂತ ಹೇಳ್ತಾರಂತೆ. "ನಮ್ಮಜ್ಜಿನೂ ಮಾಡ್ತಿದ್ಲು ಬಿಡಮ್ಮ" ಅಂದೆ. ನಕ್ಕಳು. "ಒಂದು ಕಡೆ ತಪ್ಪಾದ್ರೆ?" ಅಂತ ಕೇಳಿದೆ. "ಅಷ್ಟೊಂದು ಅಂಗಡಿ ಇರುತ್ತಲ್ಲ ಅಜ್ಜಿ, ಒಂದು ತಪ್ಪಾದ್ರೆ ಗೊತ್ತೂ ಆಗಲ್ಲ" ಅಂದಳು. ನಮಗೆ ಇದ್ದಿದ್ದು ಒಂದೇ ಅಂಗಡಿ.

ನಮ್ಮಜ್ಜಿ ತೀರಿಕೊಂಡ ಮೇಲೆ ಡಬ್ಬ ನಾನೇ ತೊಳೆದೆ. ಗೀಟುಗಳ ಮೇಲೆ ಬೆರಳಾಡಿಸಿದೆ. ನನ್ನ ಗೀಟಿನ ಕೆಳಗೇ ಮಾರನೇ ವರ್ಷದ್ದು ಇತ್ತು. ಅದನ್ನ ಅಜ್ಜಿ ತಾನೇ ಹೋಗಿ ತಂದಿದ್ದು, ಅದರಲ್ಲಿ ಯಾರೂ ತಿಂದಿರಲಿಲ್ಲ. ನಾನು ತಿನ್ನದೇ ಇದ್ದಿದ್ದರೂ ಮಾರನೇ ವರ್ಷ ಸ್ಕೂಲು ಬಿಡಿಸ್ತಿದ್ದಳೋ ಏನೋ. ಹಾಗಾದರೆ ನಾನು ತಿಂದಿದ್ದು ಒಂದು ವರ್ಷದ ಸ್ಕೂಲಷ್ಟೇನಾ, ಎಲ್ಲಾನಾ? ಕೇಳೋಣ ಅಂದರೆ ಯಾರೂ ಉಳಿದಿಲ್ಲ. ಮನೆ ಇಲ್ಲ, ಪರಂಗಿ ಗಿಡ ಇಲ್ಲ, ಡಬ್ಬ ತುಕ್ಕು ಹಿಡಿದು ಹೋಯ್ತು. ನಿಮ್ಮ ಮನೆಗಳಲ್ಲೂ ಇಂಥದ್ದೊಂದು ಇದ್ದಿರಬೇಕು, ಅದೂ ಹೋಗಿರಬೇಕು. ನನಗೆ ಒತ್ತಕ್ಷರ ಈಗಲೂ ಕೂಡಿಸಿ ಓದೋಕೆ ಹೊತ್ತು ಬೇಕು. ಪ್ರತಿ ಸಲ ತಡವರಿಸಿದಾಗಲೂ ಮೊಳೆ ಕಿರ್ರನ್ನುತ್ತೆ.

ಗೀಟು ಕೆರೆದ ಮರುದಿನ ಬೆಳಿಗ್ಗೆ ರಾಗಿ ರೊಟ್ಟಿ, ಅದೇ ಹುರಿಗಡಲೆಯ ಚಟ್ನಿ. ಅಜ್ಜಿ ನನ್ನ ತಟ್ಟೆಗೆ ಎರಡನೇ ಸಲ ಹಾಕಿದಳು. "ತಿನ್ನು. ಇನ್ಮೇಲೆ ದುಡಿಯೋಳು ನೀನು." ತಿಂದೆ. ಸ್ಲೇಟು ಒರೆಸಿ ಅಟ್ಟಕ್ಕೆ ಹಾಕಿದೆ. ಅಮ್ಮನ ಹಿಂದೆ ಊದುಬತ್ತಿ ಹೊಸೆಯೋಕೆ ಹೋದೆ.