ವಾಷಿಂಗ್ಟನ್‌ಗೆ ಹೆದರದ ಪಾಟೀಲ ಅಂಕಲ್

ಪ್ರತಿವರ್ಷ ಆಯುಧಪೂಜೆಯ ದಿನ ಅಮೆರಿಕದ ಮಿಶಿಗನ್ ರಾಜ್ಯದ ರಾಚೆಸ್ಟರ್ ಹಿಲ್ಸ್‌ನ ಪಾಟೀಲ ಅಂಕಲ್ ತಮ್ಮ ಗ್ಯಾರೇಜಿನಲ್ಲಿ ಎರಡು ಕಾರು, ಹುಲ್ಲು ಕತ್ತರಿಸುವ ಮಷೀನು, ಹಿಮ ತೆಗೆಯುವ ಮಷೀನು ಎಲ್ಲಕ್ಕೂ ಕುಂಕುಮ ಹಚ್ಚಿ, ನಡುವೆ ಕೆಂಪು ವಸ್ತ್ರದ ಮೇಲೆ ತಮ್ಮ ಪಿಸ್ತೂಲನ್ನು ಇಡುತ್ತಿದ್ದರು. ಕಾರಿಗೆ ನಿಂಬೆಹಣ್ಣಷ್ಟೇ, ಪಿಸ್ತೂಲಿಗೆ ಸೇವಂತಿಗೆ ಹಾರ. ಆರತಿ ತಟ್ಟೆ ಹಿಡಿದ ಆಂಟಿ ಅದರ ಮುಂದೆ ಬಂದಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಆಂಟಿಯ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಅಂಕಲ್ ಧಾರವಾಡದವರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಇಲ್ಲಿನ ಪೌರತ್ವ ಪಡೆದು ಎಷ್ಟೋ ಕಾಲವಾದವರು. ವರ್ಕ್ ವೀಸಾದಲ್ಲಿ ಬಂದ ನಮಗೆ ಹಿಮದಲ್ಲಿ ಕಾರು ಓಡಿಸಲು ಕಲಿಸಿದ್ದು ಅವರೇ. ನಮ್ಮ ಮಗಳಿಗೆ ಜ್ವರ ಬಂದಾಗ ಬಿಸಿ ರೊಟ್ಟಿ ಕಟ್ಟಿಸಿಕೊಂಡು ಬಂದದ್ದೂ ಉಂಟು. ಸುಳ್ಳೇಕೆ ಹೇಳಲಿ? ಅದರಿಂದಾಗಿಯೇ ನನ್ನ ಗಂಡ ರಘು, ಅಂಕಲ್ ಹೇಳಿದ್ದೆಲ್ಲ ವೇದವಾಕ್ಯ ಎಂದುಕೊಂಡಿದ್ದ.

"ಇಲ್ಲಿ ವಾಷಿಂಗ್ಟನ್ ಮಾತು ನಡಿಯಂಗಿಲ್ಲ ತಮ್ಮಾ" ಎನ್ನುವುದು ಅಂಕಲ್ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಯಾವುದೋ ಪಕ್ಕದ ಕೌಂಟಿಯವರು, ಅಂದರೆ ಜಿಲ್ಲೆಯವರು, ಬಂದೂಕಿನ ಕೇಂದ್ರ ಕಾನೂನನ್ನು ತಮ್ಮ ಪೊಲೀಸರು ಜಾರಿ ಮಾಡುವುದಿಲ್ಲ ಎಂದು ಠರಾವು ಮಾಡಿದ್ದರು. ಅದರ ಫೋಟೋ ಅಂಕಲ್ ಫೋನಿನಲ್ಲಿತ್ತು. ಮಿಶಿಗನ್‌ನಲ್ಲೇ ತಯಾರಾಗಿ ಮಿಶಿಗನ್‌ನಲ್ಲೇ ಉಳಿಯುವ ಬಂದೂಕಿಗೆ ಕೇಂದ್ರದ ಕಾನೂನು ತಾಗದು ಎಂದು ಯಾರೋ ಶಾಸಕರು ಮಂಡಿಸಿ, ಎಂದೂ ಪಾಸಾಗದೇ ಹೋದ ಮಸೂದೆಯನ್ನು ಅವರು ಪಾಸಾದಂತೆಯೇ ವಿವರಿಸುತ್ತಿದ್ದರು. ಆಮೇಲೆ ಅದೇ ಮಿಶಿಗನ್ ಸರ್ಕಾರ, ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿಡಬೇಕೆಂದು ಕಾನೂನು ಮಾಡಿದಾಗ ಅಂಕಲ್ ನಾಲಿಗೆ ಹೊರಳಿತು. "ಸ್ಟೇಟ್‌ದವ್ರು ಯಾರ್ರೀ ಹೇಳಾಕ? ನಮ್ಮ ಹಕ್ಕು ಫೆಡರಲ್ ಸಂವಿಧಾನದಾಗ ಐತಿ!" ಕೌಂಟಿ, ರಾಜ್ಯ, ಕೇಂದ್ರ, ಮೂರರಲ್ಲಿ ಆ ಹೊತ್ತಿಗೆ ಯಾವುದು ಅನುಕೂಲವೋ ಅದಕ್ಕೆ ಜೈ. ವಾಷಿಂಗ್ಟನ್‌ಗೆ ಬೈಯುತ್ತ ಬೈಯುತ್ತಲೇ ವಯಸ್ಸಾದವರಿಗೆ ಕೇಂದ್ರ ಕೊಡುವ ಮೆಡಿಕೇರ್ ವಿಮೆಯ ಕಾರ್ಡು ತೋರಿಸಿ ಮೊಣಕಾಲು ಬದಲಾಯಿಸಿಕೊಂಡಿದ್ದರು. ಇಂಥ ಸ್ವಾಭಿಮಾನ ನೋಡಿದರೆ ನನಗೆ ಮೈಯುರಿಯುತ್ತದೆ.

ಒಂದು ಶನಿವಾರ ಅವರು ರಘುವನ್ನು ಆ ಪಕ್ಕದ ಕೌಂಟಿಯ ಶೂಟಿಂಗ್ ರೇಂಜಿಗೆ ಹೊರಡಿಸಿದರು. ಆಗ ನಮ್ಮ ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿತ್ತು.

"ಅಂಕಲ್, ವೀಸಾದಲ್ಲಿರೋರು ಗನ್ ಮುಟ್ಟಬಾರದಂತಲ್ವಾ?" ಎಂದು ರಘು ಕೇಳಿದ, ನನ್ನೆದುರಿಗೇ.

"ಅದು ಫೆಡರಲ್ ಕಾನೂನು, ವಾಷಿಂಗ್ಟನ್‌ದು. ಅಲ್ಲಿ ಪೊಲೀಸ್ ಮುಖ್ಯಸ್ಥ ಶೆರಿಫ್ ನಮ್ಮಂವ. ಯಾರು ಹಿಡೀತಾರ ನಿನ್ನ? ಗಂಡಸ ಅದೀಯಿಲ್ಲೋ ನೀ?"

ಗಂಡಸು ಹೋದ. ಅಂಕಲ್ ಪಿಸ್ತೂಲಿನಲ್ಲಿ ಹತ್ತು ಗುಂಡು ಹಾರಿಸಿದ. ಅಂಕಲ್ ಅದನ್ನು ವಿಡಿಯೋ ಮಾಡಿ, ಸುತ್ತಲಿನ ಊರುಗಳ ಕನ್ನಡಿಗರೆಲ್ಲ ಇರುವ ವಾಟ್ಸಾಪ್ ಗುಂಪಿಗೆ 'ನಮ್ಮ ರಘು, ನಮ್ಮ ಹುಲಿ' ಎಂದು ಬರೆದು ಹಾಕಿದರು. ಆನ್ ಆರ್ಬರ್‌ನ ಒಬ್ಬ ಡಾಕ್ಟರು ಕೆಳಗೆ ಒಂದೇ ಸಾಲು ಬರೆದರು: 'ಇವರು ವೀಸಾದಲ್ಲಿದ್ದರೆ ಇದು ಫೆಡರಲ್ ಅಪರಾಧ.' ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಒಲೆ ಆರಿಸಿ, ನಮ್ಮ ಅರ್ಜಿ ನೋಡಿಕೊಳ್ಳುವ ವಕೀಲೆಗೆ ಫೋನ್ ಮಾಡಿದೆ.

ವಕೀಲೆ ನಮ್ಮ ಕಥೆಯನ್ನೆಲ್ಲ ಕೇಳಿಸಿಕೊಂಡರು. ಶೆರಿಫ್ ನಿಮ್ಮನ್ನು ಹಿಡಿಯದೇ ಇರಬಹುದು, ಆದರೆ ಗ್ರೀನ್ ಕಾರ್ಡ್ ಕೊಡುವುದು ಶೆರಿಫ್ ಅಲ್ಲ ಎಂದರು. ಮುಚ್ಚಿಡಬೇಡಿ, ನಡೆದದ್ದನ್ನು ನಡೆದಂತೆ ಇಮಿಗ್ರೇಷನ್ ಆಫೀಸಿಗೆ ಬರೆಯಿರಿ. ತಪ್ಪು ತಿಳಿಸಿ ಕರೆದೊಯ್ದದ್ದು ತಾವೇ ಎಂದು ಆ ಹಿರಿಯರು ಒಂದು ಪತ್ರ ಕೊಟ್ಟರೆ ಸ್ವಲ್ಪ ಅನುಕೂಲವಾದೀತು, ಆದರೆ ಸಹಿ ಹಾಕುವ ಮೊದಲು ಅವರೂ ತಮ್ಮ ವಕೀಲರನ್ನು ಕೇಳಿಕೊಳ್ಳಲಿ ಎಂದರು.

ಅವತ್ತೇ ಅಂಕಲ್ ಮನೆಗೆ ಹೋದೆ. ವಿಡಿಯೋ ಅಷ್ಟು ಹೊತ್ತಿಗಾಗಲೇ ಮಾಯವಾಗಿತ್ತು. ಅಂಕಲ್ ಗುಂಪನ್ನೇ ಬಿಟ್ಟಿದ್ದರು. ಆಂಟಿ ಕಾಫಿ ತಂದಿಟ್ಟರು. ನಾನು ಪತ್ರದ ವಿಷಯ ಹೇಳಿದೆ.

"ಅದು ಎಲ್ಲಿಗೆ ಹೋಗೂ ಕಾಗದ ತಂಗೀ?"

"ಇಮಿಗ್ರೇಷನ್ ಆಫೀಸ್‌ಗೆ, ಅಂಕಲ್."

"ಅಂದ್ರ ಫೆಡರಲ್." ಅವರ ದನಿ ಇಳಿಯಿತು. "ನನ್ನ ಹೆಸರು ಬ್ಯಾಡವಾ. ಪಿಸ್ತೂಲು ಕೊಟ್ಟಾಂವಂಗೂ ಶಿಕ್ಷಾ ಐತಂತ, ಓದಿದೆ."

"ವಾಷಿಂಗ್ಟನ್ ಮಾತು ಇಲ್ಲಿ ನಡೆಯಲ್ಲ ಅಂತಿದ್ರಲ್ಲ?"

"ಮಾತಿಗಂದೆ" ಎಂದರು. ನಮ್ಮ ಹತ್ತು ವರ್ಷದ ದುಡಿಮೆ, ಮಗಳ ಶಾಲೆ, ಮನೆ, ಎಲ್ಲವೂ ಇವರು ಮಾತಿಗೆ ಅಂದ ಒಂದು ಮಾತಿನ ಮೇಲೆ ನಿಂತಿತ್ತು. ಆಂಟಿ ಒಳಗೆ ಹೋದರು. ನಾನು ಕಾಫಿ ಮುಟ್ಟದೆ ಎದ್ದು ಬಂದೆ. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ನನಗೆ ಗೊತ್ತಿಲ್ಲ.

ಈ ವರ್ಷ ಅವರ ಗ್ಯಾರೇಜಿನಲ್ಲಿ ಪೂಜೆ ಇರಲಿಲ್ಲ. ಮನೆ ಮಾರಿ ಟೆಕ್ಸಸ್‌ನಲ್ಲಿರುವ ಮಗಳ ಹತ್ತಿರ ಹೋಗುತ್ತಾರೆ ಎಂದು ಸುದ್ದಿ. ಅವರು ಹೊರಡುವ ವಾರ ಇಂಡಿಯನ್ ಅಂಗಡಿಯಲ್ಲಿ, ಕರಿಬೇವು ಆರಿಸುತ್ತಿದ್ದಾಗ ಎದುರಾದರು. ನಮ್ಮ ಗ್ರೀನ್ ಕಾರ್ಡಿನ ಕಾಗದ ಬಂತೇ ಎಂದು ಕೇಳಬಹುದು ಅಂದುಕೊಂಡೆ.

"ನನ್ನ ಹೆಸರು ಎಲ್ಲೂ ಬರೀಲಿಲ್ಲಲ್ಲವಾ?" ಎಂದರು.

"ಬರೆದಿದೀವಿ ಅಂಕಲ್. ಮನೆ ನಂಬರ್ ಸಮೇತ."

ಸಾಮಾನು ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು, ಮೆಡಿಕೇರ್ ಕೊಟ್ಟ ಮೊಣಕಾಲನ್ನು ಎಳೆಯುತ್ತ ಅವರು ಹೊರಗೆ ನಡೆದರು. ನಿಜವಾಗಿ ಅವರ ಹೆಸರನ್ನು ನಾವು ಬರೆದಿರಲಿಲ್ಲ. "ವಯಸ್ಸಾದವರು, ಬಿಡು. ಯಾರಾದ್ರೂ ಕೇಳಿದ್ರೆ ಆಗ ಹೇಳೋಣ" ಎಂದು ರಘುವೇ ತಡೆದಿದ್ದ. ನಮ್ಮ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿದೆ. ಪ್ರತಿದಿನ ಎರಡೆರಡು ಸಲ ಟಪಾಲು ಪೆಟ್ಟಿಗೆ ತೆರೆದು ನೋಡುತ್ತೇನೆ. ಆಂಟಿಯ ನಂಬರ್ ನನ್ನ ಹತ್ತಿರ ಇದೆ, ಒಂದು ಫೋನ್ ಮಾಡಿ ನಿಜ ಹೇಳಿದರೆ ಅಂಕಲ್‌ಗೆ ನಿದ್ದೆ ಬಂದೀತು. ಹೇಳುವುದಿಲ್ಲ. ನಮ್ಮ ಕಾಗದ ಬರುವವರೆಗೆ ಅವರೂ ಟಪಾಲು ಪೆಟ್ಟಿಗೆ ನೋಡುತ್ತಿರಲಿ.