ಮಗಳ ಮಾತು ಮುಗಿಯುವ ತನಕ

ಪ್ರಭುವಿನಲ್ಲಿ ನನ್ನವರಾದ ಎಲ್ಲರಿಗೂ ವಂದನೆಗಳು. ದೇವಾಲಯದಲ್ಲಿ ನಿಮ್ಮೆದುರು ನಿಂತು ಹೇಳಬೇಕಾದ ಸಾಕ್ಷಿ ಇದು. ಮುಖ ತೋರಿಸಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ನಾನು ದೇವದುರ್ಗದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸ್. ಗಂಡ ತೀರಿಕೊಂಡ ಮೇಲೆ ಮಗಳು ಲೂರ್ದುವೇ ನನ್ನ ಪ್ರಪಂಚ. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಒಂದು ಮಾತು ಹೊರಬರಬೇಕಾದರೆ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬರುತ್ತದೆ. ನೋಡಲಾರದೆ ಅವಳ ಮಾತನ್ನು ನಾನೇ ಮುಗಿಸುತ್ತಿದ್ದೆ. ಅಂಗಡಿಯಲ್ಲಿ, ದೇವಾಲಯದಲ್ಲಿ, ನೆಂಟರ ಮುಂದೆ. ಅದನ್ನು ಮರುಕ ಅಂದುಕೊಂಡಿದ್ದೆ. ಅದರಲ್ಲಿ ಅರ್ಧಕ್ಕರ್ಧ ನನ್ನ ಅವಸರವೇ ಇತ್ತು.

೧೯೮೩ರ ನವೆಂಬರಿನಲ್ಲಿ ಮಾನ್ವಿಯಿಂದ ಒಂದು ಸಂಬಂಧ ಬಂತು. ಮುಂಚೆ ಬಂದವರೆಲ್ಲ ಅವಳ ಮಾತು ಕೇಳಿ, ಚಹಾ ಕುಡಿದು ಎದ್ದು ಹೋಗಿದ್ದರು. ಇವರು ಹುಡುಗನ ಸಮೇತ ಬಂದು ನೋಡಿ ಒಪ್ಪಿದರು. ಹುಡುಗನಿಗೆ ಬೊಂಬಾಯಿಯಲ್ಲಿ ಕೆಲಸ. ರಜೆ ಮುಗಿಯುವುದರೊಳಗೆ, ಕ್ರಿಸ್ಮಸ್ಸಿಗೆ ಮುಂಚೆಯೇ ಮದುವೆ ಆಗಬೇಕೆಂದರು. ಹುಡುಗನ ತಾಯಿ ಲೂರ್ದುವನ್ನು, “ನಿನಗ ಒಪ್ಪಿಗಿ ಅದ ಏನವ್ವಾ?” ಎಂದು ಕೇಳಿದರು. ಮಗಳು ಬಾಯಿ ತೆರೆದಳು. ನಾನು ಬಿಡಬೇಕಲ್ಲ! “ಅದರಿ, ಅದ. ನಾಚಿಕಿ ಪಡಾಕತ್ತಾಳ” ಎಂದುಬಿಟ್ಟೆ.

ಮರುದಿನವೇ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ನಮ್ಮ ಚರ್ಚಿನ ಗುರುಗಳನ್ನು ಕಂಡೆ.

“ಆಗಮನ ಕಾಲ ಬಂತಮ್ಮ. ಕ್ರಿಸ್ಮಸ್ಸಿಗಿ ಮುಂಚಿನ ಈ ನಾಕು ವಾರ ಮದುವಿ ಮಾಡಂಗಿಲ್ಲ. ಕ್ರಿಸ್ಮಸ್ ಆಗ್ಲಿ, ತಾಳ್ರಿ” ಎಂದರು.

ನನಗೆ ಮೈಯೆಲ್ಲ ಉರಿಯಿತು. “ನಿಮಗೇನ್ರಿ ಫಾದರ್, ಹೆಂಡ್ರಿಲ್ಲ, ಮಕ್ಕಳಿಲ್ಲ. ಹೆತ್ತ ಹೊಟ್ಟಿ ಸಂಕಟ ನಿಮಗ ಹೆಂಗ ತಿಳೀತದ? ಈ ಸಂಬಂಧ ತಪ್ಪಿದ್ರ ನೀವು ಹುಡುಕಿ ಕೊಡ್ತೀರೇನು?” ಎಂದು ದೇವಾಲಯದ ಅಂಗಳದಲ್ಲಿ ಎಲ್ಲರ ಮುಂದೆ ಕೂಗಾಡಿದೆ. ಅವರು ಎಲ್ಲ ಕೇಳಿಸಿಕೊಂಡು, “ಮಗಳನ್ನ ಕರ್ಕೊಂಡು ಬರ್ರಿ. ಆಕಿ ಮನಸಿನ್ಯಾಗ ಏನದ ಅಂತ ಕೇಳೂದು ಪದ್ಧತಿ” ಎಂದಷ್ಟೇ ಹೇಳಿದರು.

ಮಾನ್ವಿಯವರು ಗೊಣಗುತ್ತ, ಹುಡುಗನ ರಜೆ ಹೆಚ್ಚಿಸಿಕೊಂಡು, ಕ್ರಿಸ್ಮಸ್ ಮುಗಿಯುವವರೆಗೆ ಕಾಯಲು ಒಪ್ಪಿದರು. ಪ್ರತಿ ಸಂಜೆ ಮನೆಯ ಪೀಠದ ಮುಂದೆ ತಾಯಿ ಮಗಳು ಮೊಣಕಾಲೂರುತ್ತಿದ್ದೆವು. ವಾರ ಕಳೆದಂತೆ ಒಂದೊಂದು ಮೇಣದ ಬತ್ತಿ ಹೆಚ್ಚಿಸುವುದು ನಮ್ಮ ರೂಢಿ. ಬತ್ತಿಯ ಜೊತೆ ನನ್ನ ಸಿಡುಕೂ ಹೆಚ್ಚುತ್ತಿತ್ತು. “ಪ್ರಭುವೇ, ಈ ಸಂಬಂಧ ಕೈತಪ್ಪದಂತೆ ನೋಡಿಕೊ, ಬೇಗ ಮಾಡು” ಎಂಬುದೇ ನನ್ನ ಜಪ. ಆಸ್ಪತ್ರೆಯಲ್ಲಿ ಹೆರುವವರಿಗೆ “ಹೊತ್ತು ಬರ್ಲಿ ತಡಿಯವ್ವಾ, ಅವಸರ ಮಾಡಬ್ಯಾಡ” ಎನ್ನುವವಳು ಇದೇ ನಾನು! ಪಕ್ಕದಲ್ಲಿ ಮಗಳೂ ಕಣ್ಣು ಮುಚ್ಚಿ ಬೇಡುತ್ತಿದ್ದಳು. ನನ್ನ ಬೇಡಿಕೆಯೇ ಅವಳದೂ ಅಂದುಕೊಂಡಿದ್ದೆ. ಕೇಳಿದ್ದರೆ ತಾನೆ ಗೊತ್ತಾಗುವುದು.

ಮೂರನೆಯ ವಾರ ಅವಳನ್ನು ರಾಯಚೂರಿಗೆ ಕರೆದೊಯ್ದೆ. ಗುರುಗಳು ಅವಳೊಬ್ಬಳನ್ನೇ ಒಳಗೆ ಕರೆದರು. ನಾನೂ ಎದ್ದೆ. “ಆಕಿಗಿ ಮಾತು ಬರೂದು ತಡ ಆಗ್ತದ್ರಿ. ನಾನೇ ಹೇಳ್ತೀನಿ.”

“ತಡ ಆದ್ರ ಆಗ್ಲಿ ಬಿಡ್ರಿ. ನೀವು ಹೊರಗ ಕೂಡ್ರಿ” ಎಂದು ಬಾಗಿಲು ಮುಂದೆ ಮಾಡಿಕೊಂಡರು.

ವರಾಂಡದ ಬೆಂಚಿನ ಮೇಲೆ ಕುಳಿತೆ. ಒಳಗೆ ಅವಳ ಮಾತು ಸಿಕ್ಕಿಕೊಳ್ಳುವುದು ಕೇಳಿಸುತ್ತಿತ್ತು. ನನ್ನ ನಾಲಿಗೆ ತುರಿಸಿತು. ತಡೆಯಲಾರದೆ ಬಾಗಿಲ ಹತ್ತಿರ ಹೋಗಿ, “ಒಪ್ಪಿಗಿ ಅದ ಅಂತ ಹೇಳಿ ಮುಗಸಬೇ!” ಎಂದು ಕೂಗಿದೆ. ಈಗ ನೆನೆದರೆ ನೆಲ ಬಾಯಿ ಬಿಡಬಾರದೇ ಎನಿಸುತ್ತದೆ. ಒಳಗಿನಿಂದ ಗುರುಗಳ ದನಿ ಬಂತು: “ನೀ ಹೇಳವ್ವಾ. ನನಗ ಬ್ಯಾರೆ ಕೆಲಸ ಇಲ್ಲ.”

ಬಹಳ ಹೊತ್ತಿನ ಮೇಲೆ ಇಬ್ಬರೂ ಹೊರಬಂದರು. “ಈ ಮದುವಿ ಆಕಿಗಿ ಬ್ಯಾಡಂತ. ಒಪ್ಪಿಗಿ ಇಲ್ಲದ ಮದುವಿ ನಾನು ಮಾಡಂಗಿಲ್ಲ” ಎಂದರು ಗುರುಗಳು. ನಾನು ಅಲ್ಲೇ ಮಗಳ ಮೇಲೆ ಕೈ ಎತ್ತಿದೆ. ಅವರು ನಡುವೆ ಬಂದು ನಿಂತರು.

ದೇವದುರ್ಗದ ಬಸ್ಸು ಹತ್ತಿದೆವು. ನಾಳೆ ನಾನು ಕಣ್ಣು ಮುಚ್ಚಿದರೆ ಇವಳಿಗೆ ಯಾರು ದಿಕ್ಕು? ಪ್ರಾರ್ಥಿಸಿದ್ದೆಲ್ಲ ಮಣ್ಣುಪಾಲಾಯಿತಲ್ಲ! ಇನ್ನು ಇವಳ ಜೊತೆ ಮಾತೇ ಆಡುವುದಿಲ್ಲವೆಂದು ಹಲ್ಲು ಕಚ್ಚಿ ಕಿಟಕಿ ಕಡೆ ತಿರುಗಿದೆ. ಕಲ್ಮಲ ಊರು ದಾಟುವಾಗ ಅವಳು ಮಾತು ತೆಗೆದಳು, ತೆಗೆದವಳೇ ಸಿಕ್ಕಿಕೊಂಡಳು. ಬೇರೆ ದಿನವಾಗಿದ್ದರೆ ನಾನೇ ಮುಗಿಸಿಬಿಡುತ್ತಿದ್ದೆ. ಆವತ್ತು ಸಿಟ್ಟಿಗೆ ಬಾಯಿ ಬಿಡಲಿಲ್ಲ. ಅವಳು ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ನಿಂತಳು, ಮತ್ತೆ ಹಿಡಿದಳು.

“ಯವ್ವಾ, ಅವರು ನೋಡಾಕ ಬಂದಾಗ ನೀ ಚಾ ಮಾಡಾಕತ್ತಿದ್ದಿ. ಆ ಹುಡುಗ ಹಿತ್ತಲದಾಗ ಕೈ ತೊಳಕೊಳ್ಳಾಕ ಬಂದ. ನನ್ನಂಗ ಉಗ್ಗಿ ತೋರ್ಸಿ ತನ್ನ ತಮ್ಮನ ಜೋಡಿ ನಕ್ಕ. ‘ಬೊಂಬಾಯಿದಾಗ ನಿನ್ನ ಬಾಯಿ ಕಟ್ಟಿ ಇಡ್ತೀನಿ’ ಅಂದ. ನಿನಗ ಹೇಳಾಕ ಬಂದೆ ಯವ್ವಾ. ದಿನಾ ಬಂದೆ.”

ಹೌದು, ಬಂದಿದ್ದಳು. ಒಂದು ಸಲ “ತಲಿ ನೋವೇನು? ಮಲಕೋ ಹೋಗು” ಎಂದಿದ್ದೆ. ಇನ್ನೊಂದು ಸಲ “ಸೀರಿ ಬಣ್ಣ ಸೇರಲಿಲ್ಲೇನು? ಬದಲಿಸಿದ್ರಾತು” ಎಂದಿದ್ದೆ.

“ದಿನಾ ಸಂಜಿಕ ಏನು ಬೇಡ್ಕೊಳ್ತಿದ್ದಿ?” ಎಂದು ಕೇಳಿದೆ. ಕೇಳಿ ಕಾದೆ.

“ಯಾರಾದ್ರೂ ಒಬ್ರು ನನ್ನ ಮಾತು ಪೂರಾ ಕೇಳ್ಲಿ ಅಂತ.”

ತುಂಬಿದ ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಪ್ರಭು ನನ್ನ ಕೂಗಾಟವನ್ನು ಬದಿಗಿಟ್ಟು ಅವಳ ಪ್ರಾರ್ಥನೆಯನ್ನು ಕೇಳಿದ್ದ. ನಾನು ಬೈದ ಆ ನಾಲ್ಕು ವಾರ ಇರದಿದ್ದರೆ ನನ್ನ ಕೈಯಾರೆ ಮಗಳನ್ನು ಬಾವಿಗೆ ನೂಕುತ್ತಿದ್ದೆ. ನನ್ನ ಹಾಳು ಸಿಟ್ಟನ್ನೂ ಆತ ಬಿಡದೆ ಬಳಸಿಕೊಂಡ.

ಕ್ರಿಸ್ಮಸ್ ಬೆಳಿಗ್ಗೆ ಗುರುಗಳ ಕಾಲಿಗೆ ಬಿದ್ದೆ. “ಏಳ್ರಿ, ಕ್ಷಮಾ ಕೇಳೂದಾದ್ರ ಮೊದಲ ಮಗಳಿಗಿ ಕೇಳ್ರಿ” ಎಂದರು. ಕೇಳಿದೆ.

ಈಗ ಮತ್ತೊಂದು ಆಗಮನ ಕಾಲ ಬಂದಿದೆ. ಲೂರ್ದುವಿಗೆ ಇನ್ನೂ ಮದುವೆಯಾಗಿಲ್ಲ. ಪ್ರಭುವಿನ ಹೊತ್ತು ಬಂದಾಗ ಆಗಲಿ, ಆಗದಿದ್ದರೆ ಅದೂ ಅವನ ಚಿತ್ತ. ನನಗೆ ಮೊದಲಿನ ಹೆದರಿಕೆ ಇಲ್ಲ.

ಇದನ್ನು ನಿಮಗೆ ಬರೆಯಲೇ ಎಂದು ನಿನ್ನೆ ಅವಳನ್ನು ಕೇಳಿದೆ. ಒಲೆಯ ಮೇಲೆ ಹಾಲಿತ್ತು. ಅವಳ ಉತ್ತರ ಹೊರಡುವಷ್ಟರಲ್ಲಿ ಉಕ್ಕಿ ಹೋಯಿತು. ನಾನು ಏಳಲಿಲ್ಲ.

“ಬರಿ ಯವ್ವಾ” ಎಂದಳು. “ಆದ್ರ ಬೇಡ್ಕೊಂಡಾಕಿ ನಾನು ಅಂತ ಬರಿ.”

ಬರೆದಿದ್ದೇನೆ. ಪ್ರಭುವಿಗೆ ಸ್ತೋತ್ರ.